ಕೊಡಗಿನ ಮಳೆಗೆ ಉಷ್ಣ ಸಂಸ್ಕರಿತ ಮರದ ಡೆಕ್ ತಾಳೀತೇ?

ಗಾಳಿಬೀಡಿನ ಹೋಂಸ್ಟೇ ಮನೆಯವರು:

ಎಲ್ಲರಿಗೂ ನಮಸ್ಕಾರ. ಮಡಿಕೇರಿಯಿಂದ ಸ್ವಲ್ಪ ದೂರದಲ್ಲಿ, ಕಣಿವೆಗೆ ಮುಖ ಮಾಡಿದ ಇಳಿಜಾರಿನಲ್ಲಿ ನಮ್ಮ ಮನೆಯಿದೆ. 2018ರ ಮಳೆ ಕಳೆದ ಮರುವರ್ಷ ಮನೆಯ ಹಿಂಬದಿಯಲ್ಲಿ ಅತಿಥಿಗಳು ಕುಳಿತುಕೊಳ್ಳಲೆಂದು ನಮ್ಮದೇ ತೋಟದ ಸಿಲ್ವರ್ ಓಕ್ ಕೊಯ್ಸಿ ಮರದ ಡೆಕ್ ಹಾಕಿಸಿದೆವು. ಮೊದಲ ಎರಡು ವರ್ಷ ನೋಡಲು ಬಹಳ ಚೆನ್ನಾಗಿತ್ತು. ಮೂರನೆಯ ಮಳೆಗಾಲ ಮುಗಿಯುವಾಗ ಹಲಗೆಗಳ ತುದಿ ಕಪ್ಪಾಗಿತ್ತು, ಐದನೆಯ ಮಳೆಗಾಲಕ್ಕೆ ಒಂದು ಮೂಲೆ ಕುಸಿಯಿತು. ಮೊನ್ನೆ ಅಲ್ಲಿದ್ದ ಸ್ಕ್ರೂ ಒಂದನ್ನು ಬೆರಳಿನಿಂದ ಎಳೆದೆ. ಅದು ಯಾವ ತಡೆಯೂ ಇಲ್ಲದೆ ಈಚೆಗೆ ಬಂತು, ಜೊತೆಗೆ ನೆನೆದ ಬ್ರೆಡ್ಡಿನಂತಹ ಕಂದು ಮರದ ಚೂರುಗಳೂ ಬಂದವು. ಯಾರೂ ಬಿದ್ದು ಪೆಟ್ಟು ಮಾಡಿಕೊಳ್ಳುವ ಮೊದಲೇ ಡೆಕ್ಕನ್ನು ಪೂರ್ತಿ ಬಿಚ್ಚಿಸಿದ್ದೇನೆ.

ಈಗ ಒಬ್ಬ ವ್ಯಾಪಾರಿ ಫಿನ್ಲೆಂಡಿನಿಂದ ಬರುವ ಉಷ್ಣ ಸಂಸ್ಕರಿತ ಪೈನ್ ಹಲಗೆಗಳನ್ನು ಹಾಕಿಸಿಕೊಳ್ಳಿ ಎನ್ನುತ್ತಿದ್ದಾರೆ. ರಾಸಾಯನಿಕವೇ ಇಲ್ಲ, ಕೊಳೆಯುವುದಿಲ್ಲ, ಪರಿಸರಕ್ಕೆ ಒಳ್ಳೆಯದು ಎಂದು ಅವರ ಮಾತು. ನನ್ನ ಸಂದೇಹಗಳು ಎರಡು. ಬರಿಯ ಶಾಖದಿಂದ ಮರ ಕೊಳೆಯದಂತಾಗುವುದು ಹೇಗೆ? ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ನಮ್ಮ ಜಾಗದಲ್ಲಿ ಅದು ನಿಜವಾಗಿ ತಾಳುತ್ತದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಪೊನ್ನಂಪೇಟೆಯಲ್ಲಿ ಅರಣ್ಯಶಾಸ್ತ್ರ ಓದಿದವನು:

ನಾನು ಮರದ ವಿಷಯವನ್ನು ಓದಿ, ಈಗ ಅದೇ ಕೆಲಸದಲ್ಲಿರುವವನು. ನಿಮ್ಮ ಮೊದಲನೆಯ ಸಂದೇಹಕ್ಕೆ ಉತ್ತರ ಕೊಡಗಿನವರಿಗೆ ಬಹಳ ಹತ್ತಿರದಲ್ಲಿದೆ, ಏಕೆಂದರೆ ಇದು ಹೆಚ್ಚುಕಡಿಮೆ ಕಾಫಿ ಹುರಿಯುವ ಶಾಖದಲ್ಲೇ ನಡೆಯುವ ಕೆಲಸ. ಹಸಿರು ಬೀಜ 200 ಡಿಗ್ರಿಯ ಆಸುಪಾಸಿನಲ್ಲಿ ಕಂದಾಗಿ, ಹಗುರಾಗಿ, ಬೆರಳಲ್ಲಿ ಒತ್ತಿದರೆ ಪಟ್ಟನೆ ಮುರಿಯುವಂತಾಗುತ್ತದಲ್ಲ, ಮರಕ್ಕೂ ಅದೇ ಬಗೆಯ ಬದಲಾವಣೆ ಆಗುತ್ತದೆ. ವ್ಯತ್ಯಾಸವೆಂದರೆ ಮರವನ್ನು ಬಯಲು ಗಾಳಿಯಲ್ಲಿ ಅಷ್ಟು ಕಾಯಿಸಿದರೆ ಹೊತ್ತಿಕೊಳ್ಳುವ ಅಪಾಯವಿದೆ. ಆದ್ದರಿಂದ ಮುಚ್ಚಿದ ಕೋಣೆಯೊಳಗೆ ಹಬೆ ತುಂಬಿಸಿ, ಆಮ್ಲಜನಕ ಬಹಳ ಕಡಿಮೆ ಇರುವಂತೆ ನೋಡಿಕೊಂಡು ಕಾಯಿಸುತ್ತಾರೆ.

ಫಿನ್ಲೆಂಡಿನ ಪದ್ಧತಿಯಲ್ಲಿ ಮೊದಲು ಮರವನ್ನು 130 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಿಸಿ ಪೂರ್ತಿ ಒಣಗಿಸುತ್ತಾರೆ, ಆಮೇಲೆ 185ರಿಂದ 215 ಡಿಗ್ರಿಯ ನಡುವೆ ಎರಡು ಮೂರು ಗಂಟೆ ಹಿಡಿದಿಡುತ್ತಾರೆ, ಕೊನೆಗೆ ನಿಧಾನವಾಗಿ ತಣಿಸಿ, ನೀರು ಸಿಂಪಡಿಸಿ, ತೇವಾಂಶವನ್ನು ಶೇಕಡಾ 4ರಿಂದ 7ರಷ್ಟಕ್ಕೆ ತರುತ್ತಾರೆ. ಆ ದೇಶದ ಸರ್ಕಾರಿ ಸಂಶೋಧನಾ ಸಂಸ್ಥೆ ವಿಟಿಟಿ 1990ರ ದಶಕದಲ್ಲಿ ಇದನ್ನು ಕೈಗಾರಿಕೆಯ ಮಟ್ಟಕ್ಕೆ ತಂದಿತು. ಅದಕ್ಕೂ ಮೊದಲೇ, 1940ರ ದಶಕದಲ್ಲಿ, ಅಮೆರಿಕದ ಸ್ಟಾಮ್ ಎಂಬ ವಿಜ್ಞಾನಿ ಮತ್ತವರ ಜೊತೆಗಾರರು ಬಿಸಿ ಲೋಹದ ಸ್ನಾನದಲ್ಲಿ ಮರ ಕಾಯಿಸಿ ಅದರ ಉಬ್ಬುವಿಕೆ ಕಡಿಮೆಯಾಗುವುದನ್ನು ತೋರಿಸಿದ್ದರು.

ಮರದ ಗೋಡೆಗಳಲ್ಲಿ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್, ಲಿಗ್ನಿನ್ ಎಂದು ಮೂರು ಮುಖ್ಯ ವಸ್ತುಗಳಿವೆ. ಮೂರರಲ್ಲಿ ಶಾಖಕ್ಕೆ ಮೊದಲು ಒಡೆಯುವುದು ಹೆಮಿಸೆಲ್ಯುಲೋಸ್. ನೀರನ್ನು ಹೆಚ್ಚು ಎಳೆದು ಹಿಡಿಯುವುದೂ ಅದೇ, ಕೊಳೆಸುವ ಶಿಲೀಂಧ್ರಗಳು ಮೊದಲು ಕೈಹಾಕುವ ಆಹಾರವೂ ಅದೇ. ಅದು ಹೋದ ಮೇಲೆ ಮರ ಗಾಳಿಯಿಂದ ಎಳೆದುಕೊಳ್ಳುವ ತೇವ ಸುಮಾರು ಅರ್ಧಕ್ಕೆ ಇಳಿಯುತ್ತದೆ. ತೇವವಿಲ್ಲದ ಮರದಲ್ಲಿ ಶಿಲೀಂಧ್ರ ಬೆಳೆಯಲಾರದು. ಕೊಳೆಯದಿರುವ ಗುಟ್ಟು ಇಷ್ಟೇ, ಇದರಲ್ಲಿ ವಿಷ ಸೇರಿಸುವ ಮಾತೇ ಇಲ್ಲ.

ವಿರಾಜಪೇಟೆ ಕಡೆಯ ಬಡಗಿ:

ಮೇಲೆ ಬರೆದವರು ಹೇಳಿದ ಕಾಫಿಯ ಹೋಲಿಕೆ ಸರಿಯಾಗಿದೆ. ಗರಗಸ ಇಟ್ಟರೆ ಬರುವ ವಾಸನೆಯೂ ತಳ ಹಿಡಿದ ಬೆಲ್ಲದ ಪಾಕದಂತಿರುತ್ತದೆ. ನಾನು ಮೂರು ಕಡೆ ಈ ಹಲಗೆಗಳನ್ನು ಕೂರಿಸಿದ್ದೇನೆ. ಕೆಲಸ ಮಾಡಿದವನಾಗಿ ಒಂದು ಮಾತನ್ನು ಮೊದಲೇ ಹೇಳಬೇಕು. ಹುರಿದ ಕಾಫಿ ಬೀಜ ಪಟ್ಟನೆ ಮುರಿಯುತ್ತದೆ ಎಂದರಲ್ಲ, ಈ ಮರವೂ ಹಾಗೆಯೇ. ಮೊದಲ ಮನೆಯಲ್ಲಿ ನನ್ನ ಹುಡುಗರು ಬೇರೆ ಮರಕ್ಕೆ ಹೊಡೆಯುವಂತೆ ತೂತು ಕೊರೆಯದೆ ಅಂಚಿಗೆ ಸ್ಕ್ರೂ ಹಾಕಿದರು, ಏಳೆಂಟು ಹಲಗೆಗಳು ತುದಿಯಿಂದ ಉದ್ದಕ್ಕೂ ಸೀಳಿದವು. ಆ ನಷ್ಟವನ್ನು ನಾನೇ ಭರಿಸಿದೆ. ಅಂದಿನಿಂದ ಪ್ರತಿಯೊಂದು ಸ್ಕ್ರೂವಿಗೂ ಮೊದಲು ತೂತು ಕೊರೆದೇ ಹಾಕುತ್ತೇವೆ, ಹಲಗೆಯ ತುದಿಯಿಂದ ಮೂರು ಬೆರಳು ಬಿಟ್ಟು.

ಎರಡನೆಯದು, ಸಾಮಾನ್ಯ ಕಬ್ಬಿಣದ ಸ್ಕ್ರೂ ಖಂಡಿತ ಬೇಡ. ಒಂದೇ ಮಳೆಗೆ ಪ್ರತಿ ಸ್ಕ್ರೂವಿನ ಸುತ್ತ ಶಾಯಿ ಚೆಲ್ಲಿದಂತೆ ಕಪ್ಪು ಕಲೆ ಬರುತ್ತದೆ. ಸ್ಟೇನ್‌ಲೆಸ್ ಸ್ಟೀಲಿನದನ್ನೇ ಬಳಸಬೇಕು. ಸತುವಿನ ಲೇಪ ಹಾಕಿದ್ದು ಅಗ್ಗವೆಂದು ಅಂಗಡಿಯವರು ಕೊಡುತ್ತಾರೆ, ಅದೂ ನಿಲ್ಲುವುದಿಲ್ಲ.

ಕೀಸುಳಿಗೆ ಮರ ಬಹಳ ಚೆನ್ನಾಗಿ ಬರುತ್ತದೆ, ಅಂಟು ರಾಳ ಇಲ್ಲ. ಆದರೆ ಧೂಳು ಮಾತ್ರ ಹಿಟ್ಟಿನಷ್ಟು ನುಣುಪು. ಮೂಗಿಗೆ ಮಾಸ್ಕ್ ಹಾಕದೆ ಕೊಯ್ಯಬೇಡಿ.

ಪೊನ್ನಂಪೇಟೆಯಲ್ಲಿ ಅರಣ್ಯಶಾಸ್ತ್ರ ಓದಿದವನು:

ಆಚಾರಿಗಳು ಹೇಳಿದ ಎರಡೂ ಮಾತಿಗೆ ಕಾರಣಗಳಿವೆ. ಹೆಮಿಸೆಲ್ಯುಲೋಸ್ ಒಡೆಯುವಾಗ ಅಸಿಟಿಕ್ ಆಮ್ಲ ಹುಟ್ಟುತ್ತದೆ, ಅಂದರೆ ವಿನಿಗರಿನ ಹುಳಿ. ಅದರ ಸ್ವಲ್ಪ ಭಾಗ ಮರದಲ್ಲೇ ಉಳಿಯುವುದರಿಂದ ಕಬ್ಬಿಣ ಬೇಗ ತಿನ್ನಿಸಿಕೊಳ್ಳುತ್ತದೆ. ಬಲದ ವಿಷಯದಲ್ಲಿ, ಹೆಚ್ಚು ಶಾಖ ಕೊಟ್ಟ ಮರದ ಬಾಗುವ ಶಕ್ತಿ ಶೇಕಡಾ 10ರಿಂದ 30ರಷ್ಟು ಕಡಿಮೆಯಾಗುತ್ತದೆ, ಸ್ಕ್ರೂವಿನ ಹಿಡಿತವೂ ತಗ್ಗುತ್ತದೆ. ಹಾಗಾಗಿ ಇದನ್ನು ಮೇಲ್ಮೈಯ ಹಲಗೆಯಾಗಿ ಮಾತ್ರ ಬಳಸಬೇಕು. ಭಾರ ಹೊರುವ ತೊಲೆ, ಕಂಬ, ಕೈಪಿಡಿಯ ಗೂಟ ಇವುಗಳಿಗೆ ಬಳಸಲೇಬಾರದು. ಕಣಿವೆಯ ಅಂಚಿನಲ್ಲಿ ಡೆಕ್ ಮಾಡುತ್ತಿರುವವರು ಈ ಮಾತನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಬೇಕು, ಹತ್ತು ಮಂದಿ ಅತಿಥಿಗಳು ಒಟ್ಟಿಗೆ ಒರಗಿ ಫೋಟೊ ತೆಗೆಸಿಕೊಳ್ಳುವುದು ಆ ಕೈಪಿಡಿಯ ಮೇಲೆಯೇ.

ಖರೀದಿಸುವಾಗ ದರ್ಜೆಯನ್ನು ಕೇಳಿ ತಿಳಿದುಕೊಳ್ಳಿ. ಫಿನ್ಲೆಂಡಿನವರು ಎಸ್ ಮತ್ತು ಡಿ ಎಂದು ಎರಡು ದರ್ಜೆ ಮಾಡಿದ್ದಾರೆ. ಪೈನ್, ಸ್ಪ್ರೂಸ್‌ಗಳಿಗೆ ಎಸ್ ಎಂದರೆ 190 ಡಿಗ್ರಿ, ಡಿ ಎಂದರೆ 212 ಡಿಗ್ರಿ. ಎಸ್ ಮನೆಯ ಒಳಗಿನ ಕೆಲಸಕ್ಕೆ ಆಗುತ್ತದೆ, ಮಳೆಗೆ ಒಡ್ಡುವ ಡೆಕ್ಕಿಗೆ ಡಿ ದರ್ಜೆಯೇ ಬೇಕು. ಎರಡೂ ನೋಡಲು ಕಂದಾಗಿಯೇ ಇರುತ್ತವೆ, ಕಣ್ಣಳತೆಯಲ್ಲಿ ಗೊತ್ತಾಗುವುದಿಲ್ಲ. ಕಾಗದ ನೋಡದೆ ಹಣ ಕೊಡಬೇಡಿ.

ಸಿದ್ದಾಪುರದ ಬೆಳೆಗಾರ:

ಇಷ್ಟು ಹೊತ್ತೂ ಮಳೆಯ ಮಾತೇ ಆಯಿತು, ಗೆದ್ದಲಿನ ಮಾತನ್ನು ಯಾರೂ ಎತ್ತಲಿಲ್ಲ. ಫಿನ್ಲೆಂಡಿನಲ್ಲಿ ಗೆದ್ದಲಿಲ್ಲ. ನಮ್ಮ ತೋಟದಲ್ಲಿ ಒಂದು ರಾತ್ರಿ ನೆಲದ ಮೇಲೆ ಬಿಟ್ಟ ಗೋಣಿಚೀಲದ ಅಡಿಗೆ ಬೆಳಗ್ಗೆ ಮಣ್ಣಿನ ಹಾದಿ ಹಿಡಿದಿರುತ್ತದೆ. ಕೊಳೆಯುವುದಿಲ್ಲ ಎಂದ ಮಾತ್ರಕ್ಕೆ ಗೆದ್ದಲು ಹಿಡಿಯುವುದಿಲ್ಲ ಎಂದು ಅರ್ಥವೇ? ಮಾರುವವರು ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ.

ಪೊನ್ನಂಪೇಟೆಯಲ್ಲಿ ಅರಣ್ಯಶಾಸ್ತ್ರ ಓದಿದವನು:

ಇದು ಈ ಚರ್ಚೆಯಲ್ಲೇ ಅತಿ ಮುಖ್ಯವಾದ ಪ್ರಶ್ನೆ. ಉತ್ತರ ಮಾರುವವರಿಗೆ ಹಿಡಿಸುವಂಥದ್ದಲ್ಲ. ಉಷ್ಣ ಸಂಸ್ಕರಣೆಯಿಂದ ಗೆದ್ದಲಿನ ವಿರುದ್ಧ ನಂಬುವಂತಹ ರಕ್ಷಣೆ ಸಿಗುವುದಿಲ್ಲ. ಶಿಲೀಂಧ್ರ ಬೆಳೆಯಲು ಮರದಲ್ಲೇ ತೇವ ಬೇಕು. ಗೆದ್ದಲಾದರೋ ತನಗೆ ಬೇಕಾದ ತೇವವನ್ನು ಮಣ್ಣಿನ ಹಾದಿಯ ಮೂಲಕ ನೆಲದಿಂದಲೇ ತರುತ್ತದೆ, ತಿನ್ನುವ ಸೆಲ್ಯುಲೋಸ್ ಈ ಮರದಲ್ಲಿ ಬಹುಪಾಲು ಹಾಗೆಯೇ ಉಳಿದಿರುತ್ತದೆ. ನೆಲಕ್ಕೆ ತಾಗುವಲ್ಲಿ ಈ ಮರವನ್ನು ಬಳಸಬೇಡಿ ಎಂದು ಫಿನ್ಲೆಂಡಿನ ತಯಾರಕರ ಮಾರ್ಗದರ್ಶಿ ಪುಸ್ತಕವೇ ಹೇಳುತ್ತದೆ.

ಹಾಗೆಂದು ಕೈಬಿಡಬೇಕಾಗಿಲ್ಲ. ಗೆದ್ದಲು ಬರಬೇಕಾದರೆ ನೆಲದಿಂದ ಹಲಗೆಯವರೆಗೆ ದಾರಿ ಬೇಕು. ಕಾಂಕ್ರೀಟಿನ ದಿಂಡುಗಳ ಮೇಲೆ ಕಲಾಯಿ ಮಾಡಿದ ಕಬ್ಬಿಣದ ಚೌಕ ಪೈಪುಗಳನ್ನು ಇಟ್ಟು, ಅವುಗಳ ಮೇಲೆ ಹಲಗೆ ಕೂರಿಸಿದರೆ, ದಿಂಡಿನ ಮೇಲೆ ಏರುವ ಮಣ್ಣಿನ ಹಾದಿ ಕಣ್ಣಿಗೆ ಬೀಳುತ್ತದೆ. ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ಅಡಿಗೆ ಬಗ್ಗಿ ನೋಡಿ, ಹಾದಿ ಕಂಡರೆ ಕೆರೆದು ಹಾಕಬೇಕು. ಅದಕ್ಕಾಗಿ ಡೆಕ್ಕಿನ ಅಡಿಯಲ್ಲಿ ಕನಿಷ್ಠ ಒಂದೂವರೆ ಅಡಿ ಖಾಲಿ ಇರಲಿ. ಅಲ್ಲಿ ಸೌದೆ ಪೇರಿಸುವ ಅಭ್ಯಾಸ ನಮ್ಮಲ್ಲಿ ಎಲ್ಲರಿಗೂ ಇದೆ, ಅದನ್ನು ಬಿಡಲೇಬೇಕು.

ಗೋಣಿಕೊಪ್ಪಲಿನ ಓದುಗರು:

ನನಗೆ ಕಾಡುವುದು ಬೇರೆ ಸಂಗತಿ. ಊರ ತುಂಬ ಮರ ಇಟ್ಟುಕೊಂಡು ಬಾಲ್ಟಿಕ್ ಸಮುದ್ರದಾಚೆಯ ಪೈನ್ ತರಿಸುವುದನ್ನು ಸುಸ್ಥಿರ ಎಂದು ಹೇಗೆ ಕರೆಯುವುದು? ಅಲ್ಲಿನ ಕಾಡು ಪ್ರಮಾಣಪತ್ರ ಪಡೆದದ್ದಿರಬಹುದು, ಹಡಗಿನ ಸಾಗಣೆ ಲಾರಿಗಿಂತ ಹಗುರವಾದ ಹೊರೆ ಇರಬಹುದು, ಒಪ್ಪುತ್ತೇನೆ. ಆದರೂ ಮಂಗಳೂರಿನಿಂದಲೋ ಕೊಚ್ಚಿಯಿಂದಲೋ ಘಟ್ಟ ಹತ್ತಿಸಿ ತರಬೇಕಲ್ಲ. ಅದಕ್ಕಿಂತ ನಮ್ಮ ತೇಗವೇ ಮೇಲಲ್ಲವೇ?

ಸಿದ್ದಾಪುರದ ಬೆಳೆಗಾರ:

ತೇಗದ ಮಾತು ಹೇಳಿದಷ್ಟು ಸುಲಭವಲ್ಲ. ಬಲಿತ ತೇಗದ ಚೇಗಿಗೆ, ಅಂದರೆ ಒಳಗಿನ ಗಟ್ಟಿ ಮರಕ್ಕೆ, ಸರಿಸಾಟಿ ಇಲ್ಲ, ನಿಜ. ಆದರೆ ಇಂದು ಕೈಗೆಟಕುವ ಬೆಲೆಗೆ ಸಿಗುವುದು ಎಳೆಯ ನೆಡುತೋಪಿನ ತೇಗ, ಅದರಲ್ಲಿ ಹೊರಗಿನ ಬಿಳಿಮರವೇ ಬಹುಪಾಲು. ಆ ಬಿಳಿಮರ ಸಿಲ್ವರ್ ಓಕಿನಷ್ಟೇ ಬೇಗ ಕೊಳೆಯುತ್ತದೆ. ಇನ್ನು ಬೀಟೆ, ಹೊನ್ನೆ, ನಂದಿ, ಮತ್ತಿ ಇವುಗಳನ್ನು ಕಾಲಡಿಯ ಹಲಗೆಗಾಗಿ ಕಡಿಯುವುದನ್ನು ನಾನು ಒಪ್ಪಲಾರೆ. ಅವು ನಮ್ಮ ಕಾಫಿಯ ನೆರಳು, ಹಕ್ಕಿಗಳ ಮನೆ. ಕಡಿಯಲು ಅರಣ್ಯ ಇಲಾಖೆಯ ಅನುಮತಿಯೂ ಬೇಕು, ಕೊಡಗಿನ ವಂಶಪಾರಂಪರ್ಯ ಹಿಡುವಳಿಯಾದ ಜಮ್ಮಾ ಬಾಣೆಯಾದರೆ ಮರದ ಹಕ್ಕಿನ ಪ್ರಶ್ನೆಯೂ ಬರುತ್ತದೆ.

ಸಿಲ್ವರ್ ಹಾಗಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಕಡಿಯುವ ಅನುಮತಿಯಿಂದ ವಿನಾಯಿತಿ ಪಡೆದ ಮರಗಳ ಪಟ್ಟಿಯಲ್ಲಿ ಅದೂ ಇದೆ. ಆಸ್ಟ್ರೇಲಿಯಾದ ಮರ, ನೆಟ್ಟಗೆ ಬೆಳೆಯುತ್ತದೆ, ಕಾಳುಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ ಎಂದು ತೋಟದ ತುಂಬ ನೆಟ್ಟಿದ್ದೇವೆ. ಕಡಿದಾಗ ಪ್ಲೈವುಡ್ಡಿಗೋ ಪ್ಯಾಕಿಂಗ್ ಪೆಟ್ಟಿಗೆಗೋ ಲಾರಿಯಲ್ಲಿ ಹೋಗುತ್ತದೆ. ಅದೇ ಸಿಲ್ವರನ್ನು ಕಾಯಿಸಿ ಡೆಕ್ ಮಾಡಲು ಬರುವುದಿಲ್ಲವೇ? ಗಾಳಿಬೀಡಿನವರ ಡೆಕ್ ಹಾಳಾದದ್ದು ಸಿಲ್ವರ್ ಆದ್ದರಿಂದಲೋ, ಕಾಯಿಸದ್ದರಿಂದಲೋ?

ಪೊನ್ನಂಪೇಟೆಯಲ್ಲಿ ಅರಣ್ಯಶಾಸ್ತ್ರ ಓದಿದವನು:

ಕಾಯಿಸದ್ದರಿಂದ ಎಂದೇ ನನ್ನ ಉತ್ತರ, ಜೊತೆಗೆ ಕಟ್ಟಿದ ರೀತಿಯಿಂದಲೂ ಇರಬಹುದು. ಸಿಲ್ವರ್ ಓಕ್ ಸ್ವಭಾವತಃ ಬಾಳಿಕೆ ಕಡಿಮೆಯ ಮರ. ಅದನ್ನು ಕಾಯಿಸಬಹುದೇ ಎಂಬುದನ್ನು ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಕಾಷ್ಠ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. ಸಿಲ್ವರ್ ಓಕ್ ಮತ್ತು ರಬ್ಬರ್ ಮರಗಳಿಗೆ ಶಾಖ ಕೊಟ್ಟು ಬಣ್ಣ, ಉಬ್ಬುವಿಕೆ, ಬಲ ಇವು ಹೇಗೆ ಬದಲಾಗುತ್ತವೆ ಎಂದು ಅಳೆದಿದ್ದಾರೆ. ಶಾಖ ಏರಿದಂತೆ ಬಣ್ಣ ಗಾಢವಾಗುತ್ತದೆ, ಉಬ್ಬುವಿಕೆ ಕಡಿಮೆಯಾಗುತ್ತದೆ, ಬಲವೂ ತಗ್ಗುತ್ತದೆ, ಅಂದರೆ ಯುರೋಪಿನ ಮರಗಳು ನಡೆದುಕೊಳ್ಳುವಂತೆಯೇ ನಮ್ಮ ಮರಗಳೂ ನಡೆದುಕೊಳ್ಳುತ್ತವೆ. ಸಿಲ್ವರ್ ಹಲಗೆಯಲ್ಲಿ ಕಾಣುವ ಜಾಲರಿಯಂತಹ ಚಿತ್ತಾರ ಕಂದು ಬಣ್ಣದಲ್ಲಿ ಇನ್ನಷ್ಟು ಎದ್ದು ಕಾಣುತ್ತದೆ, ನನಗಂತೂ ಅದು ಪೈನಿಗಿಂತ ಸುಂದರ.

ಕೂಡ್ಲೂರಿನ ಕೈಗಾರಿಕಾ ಪ್ರದೇಶದಲ್ಲಿ ಕಾಫಿ ಸಂಸ್ಕರಣೆಯ ಕಾರ್ಖಾನೆಗಳಿವೆ, ಕಾಫಿಯ ಹೊಟ್ಟು ಒಲೆಗೆ ಒಳ್ಳೆಯ ಇಂಧನ. ಅಂತಹ ಕಡೆ ಒಂದು ಸಂಸ್ಕರಣಾ ಗೂಡು ಬಂದರೆ, ತೋಟದ ಮರ ತೋಟದ ಹೊಟ್ಟಿನಿಂದಲೇ ಬೆಂದು ಇದೇ ಜಿಲ್ಲೆಯ ಮನೆಗಳಿಗೆ ಹೋಗಬಹುದು. ಸುಸ್ಥಿರ ಎಂಬ ಮಾತಿಗೆ ಆಗ ಪೂರ್ತಿ ಅರ್ಥ ಬರುತ್ತದೆ ಎಂದು ನಾನು ಮನಸಾರೆ ನಂಬಿದ್ದೇನೆ. ಆದರೆ ಮರ ಕಾಯಿಸುವಾಗ ಹೊರಬರುವ ಹಬೆಯಲ್ಲಿ ಆಮ್ಲ, ಫರ್ಫ್ಯೂರಲ್ ಮುಂತಾದವು ಇರುತ್ತವೆ. ಅದನ್ನು ತಣಿಸಿ ಶುದ್ಧೀಕರಿಸಬೇಕೇ ಹೊರತು ತೋಡಿಗೆ ಬಿಟ್ಟು ಕಾವೇರಿ ಸೇರಲು ಬಿಡಬಾರದು.

ಕುಶಾಲನಗರದ ಸಿವಿಲ್ ಎಂಜಿನಿಯರ್:

ರಾಸಾಯನಿಕ ಸಂಸ್ಕರಣೆಯನ್ನೂ ಹೋಲಿಸಿ ನೋಡಬೇಕು. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಬೆರೆಸಿದ ದ್ರಾವಣವನ್ನು ಒತ್ತಡದಿಂದ ಮರದೊಳಗೆ ತುಂಬುವ ಪದ್ಧತಿ ಜಗತ್ತಿಗೆ ಹೋದದ್ದು ಭಾರತದಿಂದಲೇ. 1933ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೋಂಟಿ ಕಾಮೇಶಂ ಅವರು ಅದನ್ನು ಕಂಡುಹಿಡಿದರು. ಗೆದ್ದಲನ್ನೂ ಕೊಳೆತವನ್ನೂ ಅದು ಒಟ್ಟಿಗೆ ತಡೆಯುತ್ತದೆ, ವಿದ್ಯುತ್ ಕಂಬಗಳಿಗೆ, ರೈಲಿನ ಸ್ಲೀಪರುಗಳಿಗೆ ಅದರಿಂದಾದ ಉಪಕಾರ ದೊಡ್ಡದು. ಆದರೆ ಆರ್ಸೆನಿಕ್ ವಿಷ. ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಅದನ್ನು ಬಳಸುವುದನ್ನು ತಯಾರಕರು ನಿಲ್ಲಿಸಿದರು.

ನಮ್ಮ ಕಡೆ ಇದರ ಅಪಾಯ ಇನ್ನೊಂದು ಬಗೆಯದು. ಹಳೆಯ ಮರ ಕೊಡಗಿನಲ್ಲಿ ಕೊನೆಗೆ ಸೇರುವ ಜಾಗ ಯಾವುದೆಂದು ಎಲ್ಲರಿಗೂ ಗೊತ್ತು, ಬಚ್ಚಲ ಹಂಡೆಯ ಒಲೆ. ಆರ್ಸೆನಿಕ್ ತುಂಬಿದ ಹಲಗೆಯನ್ನು ಅಲ್ಲಿ ಉರಿಸಿದರೆ ಹೊಗೆಯೂ ವಿಷ, ಬೂದಿಯೂ ವಿಷ, ಆ ಬೂದಿಯನ್ನು ಬಾಳೆಯ ಬುಡಕ್ಕೆ ಹಾಕುವವರೂ ನಾವೇ. ಶಾಖದಿಂದ ಸಂಸ್ಕರಿಸಿದ ಹಲಗೆ ಹಳತಾದ ಮೇಲೆ ಬಣ್ಣ, ಲೇಪ ಹಚ್ಚದೆ ಇದ್ದರೆ ಸಾಮಾನ್ಯ ಸೌದೆಯಂತೆ ಉರಿಯುತ್ತದೆ. ಪ್ಲಾಸ್ಟಿಕ್ ಬೆರೆಸಿದ ಡೆಕ್ ಹಲಗೆಗಳಿಗೆ ಗೆದ್ದಲಿನ ಭಯ ಕಡಿಮೆ, ಆದರೆ ಅವನ್ನು ಕೊನೆಗೆ ಎಲ್ಲಿ ಹಾಕುವುದು ಎಂಬುದಕ್ಕೆ ಜಿಲ್ಲೆಯಲ್ಲಿ ಯಾರ ಬಳಿಯೂ ಒಳ್ಳೆಯ ಉತ್ತರವಿಲ್ಲ.

ಗಾಳಿಬೀಡಿನ ಹೋಂಸ್ಟೇ ಮನೆಯವರು:

ಎಲ್ಲರಿಗೂ ಕೃತಜ್ಞತೆಗಳು. ಹಂಡೆಯ ಒಲೆಯ ಮಾತು ಓದಿ ಒಂದು ಕ್ಷಣ ಎದೆ ಧಸಕ್ಕೆಂದಿತು, ಏಕೆಂದರೆ ಹಳೆಯ ಡೆಕ್ಕಿನ ಹಲಗೆಗಳನ್ನು ನಾವು ಅಲ್ಲಿಯೇ ಉರಿಸುತ್ತಿದ್ದೇವೆ. ಅವು ಬರಿಯ ಸಿಲ್ವರ್ ಆದ್ದರಿಂದ ಚಿಂತೆಯಿಲ್ಲ. ಈಗ ಇನ್ನೊಂದು ಪ್ರಶ್ನೆ. ಉಬ್ಬುವಿಕೆ ಕಡಿಮೆ ಎನ್ನುತ್ತೀರಿ, ಅದು ಎಷ್ಟು? ನಮ್ಮ ಹಳೆಯ ಡೆಕ್ಕಿನಲ್ಲಿ ಮಾರ್ಚ್ ತಿಂಗಳಲ್ಲಿ ಎರಡು ಹಲಗೆಗಳ ಸಂದಿಗೆ ಒಂದು ರೂಪಾಯಿಯ ಎರಡು ನಾಣ್ಯ ಜೋಡಿಸಿ ಇಳಿಸಬಹುದಿತ್ತು, ಜುಲೈ-ಆಗಸ್ಟಿನ ಕಕ್ಕಡದ ಮಳೆಯಲ್ಲಿ ಒಂದು ನಾಣ್ಯವೂ ಇಳಿಯುತ್ತಿರಲಿಲ್ಲ. ನೀರು ಹೋಗಲು ದಾರಿಯಿಲ್ಲದೆ ಮೇಲೆಯೇ ನಿಲ್ಲುತ್ತಿತ್ತು.

ಕುಶಾಲನಗರದ ಸಿವಿಲ್ ಎಂಜಿನಿಯರ್:

ಲೆಕ್ಕ ಹಾಕಿ ನೋಡೋಣ. ಗಾಳಿಯ ಆರ್ದ್ರತೆ ಶೇಕಡಾ 90ರ ಹತ್ತಿರ ನಿಂತರೆ ಸಾಮಾನ್ಯ ಮರದ ತೇವಾಂಶ ಸುಮಾರು 20ಕ್ಕೆ ಏರುತ್ತದೆ, ಬೇಸಿಗೆಯಲ್ಲಿ 11ರ ಆಸುಪಾಸು ಇರುತ್ತದೆ ಎಂದಿಟ್ಟುಕೊಳ್ಳಿ. ಪೈನ್ ಮರ ಪ್ರತಿ ಒಂದು ಶೇಕಡಾ ತೇವಕ್ಕೆ ಅಗಲದಲ್ಲಿ ಹೆಚ್ಚೆಂದರೆ ಶೇಕಡಾ 0.3ರಷ್ಟು ಹಿಗ್ಗುತ್ತದೆ. 140 ಮಿಲಿಮೀಟರ್ ಅಗಲದ ಹಲಗೆ ಹಾಗಾಗಿ ಸುಮಾರು 4 ಮಿಲಿಮೀಟರ್ ಹಿಗ್ಗುತ್ತದೆ. ನಿಮ್ಮ ನಾಣ್ಯದ ಪರೀಕ್ಷೆಗೆ ಇದು ಸರಿಹೊಂದುತ್ತದೆ. ಉಷ್ಣ ಸಂಸ್ಕರಿತ ಹಲಗೆ ತೇವವನ್ನು ಅರ್ಧದಷ್ಟೇ ಹಿಡಿಯುವುದರಿಂದ ಹಿಗ್ಗುವುದೂ 2 ಮಿಲಿಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಇದು ಲೆಕ್ಕ ಮಾತ್ರ, ಸತತ ಮಳೆಯಲ್ಲಿ ನೆನೆದಾಗ ಇನ್ನೂ ಸ್ವಲ್ಪ ಹೆಚ್ಚಾಗಬಹುದು. ಬೇಸಿಗೆಯಲ್ಲಿ ಹಾಕುವಾಗ 6 ಮಿಲಿಮೀಟರ್ ಸಂದು ಬಿಟ್ಟರೆ ಕಕ್ಕಡದಲ್ಲೂ ನೀರು ಇಳಿಯಲು ದಾರಿ ಉಳಿಯುತ್ತದೆ. 26 ಮಿಲಿಮೀಟರ್ ದಪ್ಪದ ಹಲಗೆಗೆ ಅಡಿಪಟ್ಟಿಗಳ ನಡುವಿನ ಅಂತರ 400 ಮಿಲಿಮೀಟರ್ ಇರಲಿ, ಬಲ ಕಡಿಮೆಯಾದ ಮರಕ್ಕೆ ಅದಕ್ಕಿಂತ ಅಗಲ ಬೇಡ.

ನಾಪೋಕ್ಲು ಕಡೆಯ ಐನ್‌ಮನೆಯ ಗೃಹಿಣಿ:

ಎಲ್ಲರ ಬರಹವನ್ನೂ ಆಸಕ್ತಿಯಿಂದ ಓದಿದೆ. ನಮ್ಮ ಐನ್‌ಮನೆಯ, ಅಂದರೆ ಕುಟುಂಬದ ಮೂಲಮನೆಯ, ಕೈಯಾಲೆಯಲ್ಲಿ (ಮುಂದಿನ ಜಗಲಿಯಲ್ಲಿ) ಕಂಬಗಳ ನಡುವೆ ಕುಳಿತುಕೊಳ್ಳುವ ಐಮರದ ಹಲಗೆಗಳಿವೆ. ನನ್ನ ಮಾವನವರ ತಂದೆ ಚಿಕ್ಕವರಿದ್ದಾಗಲೂ ಅವು ಇದ್ದವಂತೆ. ತಲೆಮಾರುಗಳು ಕುಳಿತು ಎದ್ದು ಅಂಚು ಕನ್ನಡಿಯಂತೆ ನುಣುಪಾಗಿದೆ, ಕೈಯಿಟ್ಟರೆ ತಣ್ಣಗಿರುತ್ತದೆ. ಅದಕ್ಕೆ ಯಾರೂ ಏನನ್ನೂ ಹಚ್ಚಿಲ್ಲ, ಆಗಾಗ ತೆಂಗಿನೆಣ್ಣೆಯ ಬಟ್ಟೆಯಲ್ಲಿ ಒರೆಸುವುದನ್ನು ಬಿಟ್ಟರೆ. ಮರ ಒಳ್ಳೆಯದು ಎಂಬುದು ಒಂದು ಕಾರಣ. ಆದರೆ ಅದೇ ಮನೆಯ ಅಂಗಳದ ಗೇಟಿಗೆ ಅದೇ ಕಾಲದ ಮರ ಹಾಕಿದ್ದನ್ನು ನಾನು ಬಂದ ಮೇಲೆಯೇ ಎರಡು ಬಾರಿ ಬದಲಿಸಿದ್ದೇವೆ. ಐಮರದ ಮೇಲೆ ಇಳಿಜಾರು ಹೆಂಚಿನ ಮಾಡಿದೆ, ಸೂರು ಮಾರುದ್ದ ಮುಂದೆ ಚಾಚಿದೆ, ಮಳೆಯ ಇರಚಲು ಸಹ ಅಲ್ಲಿಗೆ ಮುಟ್ಟುವುದಿಲ್ಲ.

ಆದ್ದರಿಂದ ಗಾಳಿಬೀಡಿನವರಲ್ಲಿ ನನ್ನ ವಿನಂತಿ ಒಂದೇ. ಡೆಕ್ಕಿನ ಸ್ವಲ್ಪ ಭಾಗಕ್ಕಾದರೂ ಮಾಡು ಚಾಚಿಸಲು ಆಗುವುದೇ ನೋಡಿ. ಹೊರದೇಶದ ಮರಕ್ಕೆ ಕೊಡುವ ಹಣದಲ್ಲಿ ಒಂದು ಪಾಲು ಹೆಂಚಿಗೆ ಹೋದರೆ ಅದು ನಷ್ಟವಲ್ಲ.

ವಿರಾಜಪೇಟೆ ಕಡೆಯ ಬಡಗಿ:

ಅಕ್ಕ ಬರೆದದ್ದು ನೂರಕ್ಕೆ ನೂರು ಸತ್ಯ. ನಾನು ಕೂರಿಸಿದ ಮೂರು ಡೆಕ್ಕುಗಳಲ್ಲಿ ಅರ್ಧ ಮಾಡಿನ ಅಡಿಯಲ್ಲಿರುವುದು ಇಂದಿಗೂ ಹಾಕಿದ ದಿನದ ಕಂದು ಬಣ್ಣದಲ್ಲೇ ಇದೆ. ಬಯಲಿನಲ್ಲಿರುವ ಇನ್ನೆರಡು ಒಂದೇ ವರ್ಷದಲ್ಲಿ ಬೂದಿ ಬಣ್ಣಕ್ಕೆ ತಿರುಗಿದವು. ಮನೆಯವರು ಮರ ಕೆಟ್ಟಿತೆಂದು ಗಾಬರಿಯಾಗಿ ಕರೆದರು, ಕೀಸುಳಿಯಿಂದ ಒಂದು ಕೂದಲೆಳೆಯಷ್ಟು ಹೆರೆದು ತೋರಿಸಿದೆ, ಅಡಿಯಲ್ಲಿ ಕಂದು ಹಾಗೆಯೇ ಇತ್ತು. ಬಿಸಿಲಿಗೆ ಮೇಲಿನ ಪದರ ಮಾತ್ರ ಬಣ್ಣ ಕಳೆದುಕೊಳ್ಳುತ್ತದೆ. ಬಣ್ಣ ಉಳಿಯಬೇಕೆಂದರೆ ವರ್ಣದ ಪುಡಿ ಬೆರೆತ ಡೆಕ್ ಎಣ್ಣೆಯನ್ನು ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಹಚ್ಚಬೇಕು, ಬಣ್ಣವಿಲ್ಲದ ಎಣ್ಣೆಯಿಂದ ಬಿಸಿಲು ತಡೆಯುವುದಿಲ್ಲ.

ಪಾಚಿಯ ಮಾತು ಬಿಟ್ಟುಹೋಯಿತು. ಪಾಚಿ ಈ ಮರಕ್ಕೂ ಹಿಡಿಯುತ್ತದೆ, ನಮ್ಮ ಕಲ್ಲಿಗೇ ಹಿಡಿಯುವಾಗ ಮರವನ್ನು ಬಿಟ್ಟೀತೇ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಗಟ್ಟಿ ಪೊರಕೆಯಿಂದ ಉಜ್ಜಬೇಕು. ಒತ್ತಡದ ನೀರಿನ ಪಂಪು ಹಿಡಿಯಬೇಡಿ, ಎಳೆಗಳು ಎದ್ದು ಕಾಲಿಗೆ ಸಿಬಿರು ಚುಚ್ಚುತ್ತವೆ.

ಗಾಳಿಬೀಡಿನ ಹೋಂಸ್ಟೇ ಮನೆಯವರು:

ಮನೆಯವರೊಂದಿಗೆ ಕುಳಿತು ಮಾತನಾಡಿದೆವು. ಗೋಡೆಗೆ ಹತ್ತಿರದ ಅರ್ಧಕ್ಕೆ ಹೆಂಚಿನ ಮಾಡು ಚಾಚಿಸಿ, ಅದರ ಅಡಿಗೆ ನಮ್ಮ ತೋಟದ ಸಿಲ್ವರನ್ನೇ ಚೆನ್ನಾಗಿ ಸೀಸನ್ ಮಾಡಿಸಿ ಹಾಕುವುದೆಂದು ತೀರ್ಮಾನಿಸಿದೆವು. ಕಣಿವೆಯ ಕಡೆ ಬಯಲಿನಲ್ಲಿ ಉಳಿಯುವ ಅರ್ಧಕ್ಕೆ ಮಾತ್ರ ಡಿ ದರ್ಜೆಯ ಹಲಗೆ ತರಿಸುತ್ತೇವೆ. ತೊಲೆಗಳೂ ಕೈಪಿಡಿಯೂ ಕಬ್ಬಿಣದವು. ಇಲ್ಲಿಯೇ ಸಿಲ್ವರ್ ಕಾಯಿಸಿ ಕೊಡುವವರು ಯಾರಾದರೂ ಮುಂದೆ ಬಂದರೆ ಮೊದಲ ಗಿರಾಕಿ ನಾನೇ. ಆಚಾರಿಗಳಲ್ಲಿ ಕೊನೆಯ ಪ್ರಶ್ನೆ, ಕೆಲಸವನ್ನು ಯಾವಾಗ ಇಟ್ಟುಕೊಳ್ಳಲಿ? ಹಲಗೆ ನವೆಂಬರಿನಲ್ಲಿ ಬರುತ್ತದಂತೆ.

ವಿರಾಜಪೇಟೆ ಕಡೆಯ ಬಡಗಿ:

ಪುತ್ತರಿ ಹಬ್ಬ ಕಳೆಯಲಿ, ಕಾಫಿ ಕೊಯ್ಲಿನ ಅವಸರವೂ ತಗ್ಗಲಿ. ಫೆಬ್ರವರಿಯಲ್ಲಿ ಇಟ್ಟುಕೊಳ್ಳೋಣ. ಹಲಗೆ ಬಂದ ಕೂಡಲೇ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿ, ಮಾಡಿನ ಅಡಿಯಲ್ಲಿ ನೆಲದಿಂದ ಎತ್ತರಿಸಿ, ಪ್ರತಿ ಸಾಲಿನ ನಡುವೆ ರೀಪು ಇಟ್ಟು ಪೇರಿಸಿಡಿ, ಗಾಳಿಯಾಡಬೇಕು. ಲಾರಿಯಿಂದ ಇಳಿಸುವವರಿಗೆ ಎಸೆಯಬೇಡಿ ಎಂದು ಮೊದಲೇ ಹೇಳಿ, ಮೂಲೆ ತಾಗಿದರೆ ಚೂರು ಹಾರುತ್ತದೆ. ಕೊಯ್ದ ತುದಿಗಳಿಗೆ ಅಂದಂದೇ ಹಚ್ಚಲು ತುದಿ ಸೀಲ್ ಮಾಡುವ ಮೇಣದ ಡಬ್ಬಿಯೊಂದನ್ನು ಹಲಗೆಯ ಜೊತೆಗೇ ತರಿಸಿ, ಇಲ್ಲಿನ ಅಂಗಡಿಗಳಲ್ಲಿ ಅದು ಸಿಗುವುದಿಲ್ಲ. ಅಳತೆಗಿಂತ ಹತ್ತಕ್ಕೆ ಒಂದರಂತೆ ಹೆಚ್ಚು ಹಲಗೆ ಇರಲಿ. ಜನವರಿ ಕೊನೆಯ ವಾರ ಒಮ್ಮೆ ಬಂದು ದಿಂಡುಗಳ ಮಟ್ಟ ನೋಡಿ ಹೋಗುತ್ತೇನೆ, ನೀರು ಮನೆಯ ಕಡೆಗಲ್ಲ, ಕಣಿವೆಯ ಕಡೆಗೆ ಹರಿಯುವಂತೆ ಈಗಲೇ ಇಳಿಜಾರು ಕೊಡಿಸಬೇಕು.